ಬಿಸಿಲಿಗೆ ಮೂರ್ಛೆಹೋದ ಗಣಕ

ಕಡೂರು ತಾಲ್ಲೂಕಿನ ಹಿರೇನಲ್ಲೂರಿನಲ್ಲಿ ನನಗೆ ಪರಿಚಿತರಾದ ನಿವೃತ್ತ ಉಪಾಧ್ಯಾಯರೊಬ್ಬರಿದ್ದಾರೆ. ಅವರಲ್ಲಿ 2003ನೆಯ ಇಸವಿಯ ಪುಟ್ಟ ಪೆಟ್ರೋಲ್ ಕಾರೊಂದುಂಟು. ಅದರ ತಯಾರಕರ ಹೆಸರು ಇಲ್ಲಿ ಅಪ್ರಸ್ತುತ; ನಾನು ಹೇಳಲಿರುವ ವ್ಯಾಧಿ ಆ ಕಾಲದ ಯಾವ ಕಾರಿಗಾದರೂ ಬರಬಹುದಾದುದು. ಉಪಾಧ್ಯಾಯರ ಪತ್ನಿಯವರನ್ನು ವಾರಕ್ಕೆ ಎರಡು ಸಲ ಚಿಕಿತ್ಸೆಗಾಗಿ ಕಡೂರಿಗೆ ಕರೆದೊಯ್ಯಬೇಕು. ಆಕೆ ಬಸ್ಸಿನ ಮೆಟ್ಟಿಲು ಹತ್ತಲಾರರು. ಆದ್ದರಿಂದ ಆ ಮನೆಯಲ್ಲಿ ಕಾರು ವಿಲಾಸದ ವಸ್ತುವಾಗಿರಲಿಲ್ಲ.

2024ರ ಬೇಸಗೆಯಲ್ಲಿ ಈ ಕಾರು ಒಂದು ವಿಚಿತ್ರ ಚಾಳಿಯನ್ನು ಕಲಿಯಿತು. ಬೆಳಗಿನ ತಂಪಿನಲ್ಲಿ ಒಂದೇ ತಿರುವಿಗೆ ಹೊರಡುವುದು. ಕಡೂರಿನಿಂದ ಮಧ್ಯಾಹ್ನ ಹಿಂದಿರುಗುವಾಗ ಮಾತ್ರ, ಯಾರೋ ಕೀಲಿಯನ್ನು ತಿರುಗಿಸಿ ಆರಿಸಿದಂತೆ, ಥಟ್ಟನೆ ನಿಂತುಬಿಡುವುದು. ಕೆಮ್ಮುವುದಿಲ್ಲ, ಮುಗ್ಗರಿಸುವುದಿಲ್ಲ. ಅರ್ಧ ಗಂಟೆ ಹೊಂಗೆಯ ಮರದ ನೆರಳಿನಲ್ಲಿ ನಿಲ್ಲಿಸಿದರೆ, ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಹೊರಡುವುದು. ದುರಸ್ತಿ ಮಾಡುವವರು ಕಿಡಿಪ್ಲಗ್ಗುಗಳನ್ನು ಬದಲಾಯಿಸಿದರು, ಆಮೇಲೆ ಪೆಟ್ರೋಲ್ ಪಂಪನ್ನು, ಆಮೇಲೆ ಕಿಡಿಸುರುಳಿಯನ್ನು. ಪ್ರತಿ ಸಲವೂ ಕಾರು ಅವರ ಅಂಗಳದಲ್ಲಿ ಸೊಗಸಾಗಿ ಓಡಿ, ರಸ್ತೆಯಲ್ಲಿ ನಿಂತಿತು. ಕೊನೆಗೆ, “ಗಣಕಪೆಟ್ಟಿಗೆ ಹೋಗಿದೆ, ಹೊಸದು ಈಗ ಸಿಗುವುದಿಲ್ಲ, ಗುಜರಿಗೆ ಕೊಡುವುದು ಮೇಲು” ಎಂದರು. ಅವರ ರೋಗನಿರ್ಣಯ ಸರಿಯಾಗಿಯೇ ಇದ್ದಿತೆಂಬುದು ಮುಂದೆ ತಿಳಿಯುವುದು. ಆದರೆ ಊಹೆ ಸರಿಯಾಗಿರುವುದು ಬೇರೆ, ಅದನ್ನು ಸಿದ್ಧಪಡಿಸುವುದು ಬೇರೆ.

ಕಾರಿಗೆ ಗಣಕವೇಕೆ ಬೇಕಾಯಿತೆಂಬುದನ್ನು ಮೊದಲು ಸಂಕ್ಷೇಪವಾಗಿ ನೋಡೋಣ. ಪೆಟ್ರೋಲ್ ಪೂರ್ಣವಾಗಿ ದಹಿಸಲು 1 ಭಾಗ ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಹಳೆಯ ಕಾರುಗಳಲ್ಲಿ ಈ ಬೆರಕೆಯ ಕೆಲಸವನ್ನು ಕಾರ್ಬುರೇಟರ್ ಮಾಡುತ್ತಿತ್ತು. ಕಿರಿದಾದ ಕೊರಳಿನಲ್ಲಿ ನುಗ್ಗುವ ಗಾಳಿಯ ಒತ್ತಡ ತಗ್ಗಿ, ಆ ತಗ್ಗಿದ ಒತ್ತಡ ಪೆಟ್ರೋಲನ್ನು ಹೀರುತ್ತಿತ್ತು. ಉಪಾಯ ಸುಂದರವಾದುದೇ, ಆದರೆ ಒರಟು. ಹೊಗೆಯ ವಿಷಾನಿಲಗಳನ್ನು ನಿರಪಾಯಕರವಾಗಿ ಮಾರ್ಪಡಿಸುವ ವೇಗವರ್ಧಕ ಗೂಡು ನಿರ್ಗಮನಾಳದಲ್ಲಿ ಸೇರಿದ ಮೇಲೆ ಈ ಒರಟುತನ ಸಲ್ಲದಾಯಿತು. ಏಕೆಂದರೆ ಆ ಗೂಡು 14.7ರ ಆಸುಪಾಸಿನ ಬಹು ಕಿರಿದಾದ ಎಲ್ಲೆಯಲ್ಲಿ ಮಾತ್ರ ಚೆನ್ನಾಗಿ ಕೆಲಸಮಾಡುವುದು.

ಜರ್ಮನಿಯ ಬಾಷ್ ಕಂಪನಿ 1967ರಲ್ಲಿ ವಿದ್ಯುನ್ಮಾನದಿಂದ ಪೆಟ್ರೋಲ್ ಚಿಮ್ಮಿಸುವ ಏರ್ಪಾಟನ್ನು ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಅಳವಡಿಸಿತು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಸಂವೇದಕ 1976ರಲ್ಲಿ ವೋಲ್ವೋ ಕಾರಿಗೆ ಬಂದಿತು. ಕಿಡಿ, ಪೆಟ್ರೋಲ್ ಎರಡನ್ನೂ ಒಂದೇ ಅಂಕೀಯ ಗಣಕ ಆಳುವ ಏರ್ಪಾಟು 1979ರಲ್ಲಿ ಬಿ.ಎಂ.ಡಬ್ಲ್ಯು. ಕಾರಿನಲ್ಲಿ ಕಾಣಿಸಿಕೊಂಡಿತು. ಅದೇ ಬಾಷ್ ಬಳಗಕ್ಕೆ ಸೇರಿದ ‘ಮೈಕೋ’ 1951ರಲ್ಲಿ ಸ್ಥಾಪಿತವಾಗಿ, ಅದರ ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯ ಕಿಡಿಪ್ಲಗ್ಗುಗಳು ನಮ್ಮ ಹಳೆಯ ಚಾಲಕರ ಬಾಯಲ್ಲಿ ಮನೆಮಾತಾಗಿದ್ದುವು. 2008ರಲ್ಲಿ ಆ ಹೆಸರು ಹೋಗಿ ಬಾಷ್ ಎಂದಾಯಿತು. ನಮ್ಮ ದೇಶದ ಕಾರುಗಳಿಗೆ ಗಣಕವನ್ನು ತಂದುದು ಬಹುಮಟ್ಟಿಗೆ ಕಾನೂನು. 1999ರ ಏಪ್ರಿಲ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ದೆಹಲಿ ಪ್ರದೇಶದ ಹೊಸ ಕಾರುಗಳಿಗೆ ಯೂರೋಪಿನ ಹೊಗೆ ನಿಯಮಗಳನ್ನು ಕಡ್ಡಾಯಮಾಡಿತು. ಕ್ರಮೇಣ ಇತರ ಮಹಾನಗರಗಳೂ ಈ ಕಟ್ಟಿಗೆ ಒಳಪಟ್ಟು, ‘ಭಾರತ್ ಹಂತ 2’ ಎಂಬ ನಿಯಮ 2005ರ ಏಪ್ರಿಲ್ಲಿನಲ್ಲಿ ದೇಶಾದ್ಯಂತ ಜಾರಿಗೆ ಬಂದಿತು. ಉಪಾಧ್ಯಾಯರ ಕಾರು ಈ ಸಂಕ್ರಮಣ ಕಾಲದ್ದು.

ಈ ಗಣಕ ಮಾಡುವ ಕೆಲಸ ಅಲ್ಪವಲ್ಲ. ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದೆಯೆನ್ನೋಣ. ಎಂದರೆ ಸೆಕೆಂಡಿಗೆ 50 ಸುತ್ತು. ನಾಲ್ಕು ಹೊಡೆತಗಳ ಎಂಜಿನ್ನಿನಲ್ಲಿ ಎರಡು ಸುತ್ತಿಗೊಮ್ಮೆ ಕಿಡಿ ಹಾರಬೇಕಾದುದರಿಂದ, ಪ್ರತಿ ಸಿಲಿಂಡರಿಗೂ ಸೆಕೆಂಡಿಗೆ 25 ಕಿಡಿಗಳು. ಕಿಡಿಯ ಕಾಲ ಒಂದು ಡಿಗ್ರಿಯಷ್ಟು ತಪ್ಪಬಾರದೆಂದರೆ, ಆ ಒಂದು ಡಿಗ್ರಿ ಕಳೆಯುವುದು ಸೆಕೆಂಡಿನ 18,000ದಲ್ಲಿ ಒಂದು ಭಾಗದೊಳಗೆ. ಇಷ್ಟನ್ನೂ ಮಾಡುವುದು ಒಂದು ಅಲ್ಯೂಮಿನಿಯಮ್ ಪೆಟ್ಟಿಗೆಯೊಳಗಿನ ಅಂಗೈಯಗಲದ ಫಲಕ. ಅದಕ್ಕೆ ಬ್ಯಾಟರಿಯ 12 ವೋಲ್ಟು ಹೆಚ್ಚಾಯಿತು; ಆದ್ದರಿಂದ ಪೆಟ್ಟಿಗೆಯೊಳಗಿನ ಒಂದು ನಿಯಂತ್ರಕ ಅದನ್ನು 5 ವೋಲ್ಟಿಗೆ ಇಳಿಸಿ ಕೊಡುವುದು. ಇದೇ 5 ವೋಲ್ಟು ಹೊರಗಿನ ಸಂವೇದಕಗಳಿಗೂ ಹೋಗುವುದು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ಪತ್ತೇದಾರಿಯೆಲ್ಲ ಇದರ ಮೇಲೆಯೇ ನಿಂತಿದೆ.

ನಾನು ಮೊದಲ ಭಾನುವಾರ ಹಿರೇನಲ್ಲೂರಿಗೆ ಹೋದಾಗ ಕಾರು ತಣ್ಣಗಿದ್ದಿತು. ತನ್ನ ದೋಷವನ್ನು ತಾನೇ ಹೇಳುವ ಅನುಕೂಲ ಇಂತಹ ಹಳೆಯ ಕಾರುಗಳಲ್ಲೂ ಉಂಟು. ಗೊತ್ತಾದ ಎರಡು ತುದಿಗಳನ್ನು ತಂತಿಯಿಂದ ಜೋಡಿಸಿದರೆ, ಚಾಲಕನ ಮುಂದಿನ ಎಚ್ಚರಿಕೆ ದೀಪ ಮಿಣುಕಿ ಮಿಣುಕಿ ಒಂದು ಸಂಕೇತಾಂಕವನ್ನು ಸೂಚಿಸುವುದು. ನಮಗೆ ಸಿಕ್ಕಿದುದು “ದೋಷವೇನೂ ಇಲ್ಲ” ಎಂಬುದರ ಅಂಕ. ಇದರಲ್ಲಿ ಆಶ್ಚರ್ಯವಿಲ್ಲ. ಸಂವೇದಕ ಕೆಟ್ಟರೆ ಗಣಕ ಬರೆದಿಟ್ಟುಕೊಳ್ಳುವುದು. ಗಣಕವೇ ಮೂರ್ಛೆಹೋದರೆ ಬರೆಯುವವರಾರು?

ಅಂದು ನಾನು ಎಂಜಿನ್ನಿಗೂ ಬ್ಯಾಟರಿಯ ಋಣಧ್ರುವಕ್ಕೂ ನಡುವಣ ವಿಭವಾಂತರವನ್ನು ಅಳೆದೆ. ಎರಡಕ್ಕೂ ದಪ್ಪ ತಂತಿಯ ಸಂಬಂಧವಿರುವುದರಿಂದ ಅದು ಸೊನ್ನೆಗೆ ಹತ್ತಿರವಿರಬೇಕು. ಕೀಲಿ ತಿರುಗಿಸಿ ಪ್ರಾರಂಭಕ ಮೋಟಾರು ಸುತ್ತುವಾಗ ಮೀಟರು 0.9 ವೋಲ್ಟು ತೋರಿಸಿತು. ಆ ಮೋಟಾರು 100 ಆಂಪಿಯರ್ ಎಳೆಯುವುದೆಂದು ಇಟ್ಟುಕೊಂಡರೆ, ಓಮನ ನಿಯಮದಂತೆ ರೋಧ 0.009 ಓಂ. ಕೇಳಲು ಅತ್ಯಲ್ಪ, ಆದರೆ ಬೇಡದ ರೋಧ. ತಂತಿಯ ಬುಡವನ್ನು ಬಿಚ್ಚಿ ನೋಡಿದರೆ ಹಸುರು ಕಿಲುಬು. ಉಜ್ಜಿ ಬಿಗಿದ ಮೇಲೆ ಅದು 0.15 ವೋಲ್ಟಿಗೆ ಇಳಿಯಿತು. ನಾನು ಗೆದ್ದೆನೆಂದು ಭಾವಿಸಿ, ಅವರ ಮನೆಯ ಅಕ್ಕಿರೊಟ್ಟಿಯನ್ನು ತಿಂದು ಬೀಗುತ್ತ ಹಿಂದಿರುಗಿದೆ. ಮಂಗಳವಾರ ಕಾರು ಮತ್ತೆ ದಾರಿಯಲ್ಲಿ ನಿಂತಿತೆಂದು ದೂರವಾಣಿ ಬಂದಿತು. ಕಂಡ ದೋಷವನ್ನೆಲ್ಲ ಹುಡುಕುತ್ತಿದ್ದ ದೋಷವೆಂದೇ ತಿಳಿದುದು ನನ್ನ ತಪ್ಪು.

ಮುಂದಿನ ಭಾನುವಾರ ಬೇರೆ ಕ್ರಮವನ್ನು ಹಿಡಿದೆ. ರೋಗವನ್ನು ರೋಗವಿರುವಾಗಲೇ ಪರೀಕ್ಷಿಸತಕ್ಕದ್ದು. ಕಾರನ್ನು ಗಾಜುಗಳನ್ನೇರಿಸಿ ನಡುಹಗಲಿನ ಬಿಸಿಲಿನಲ್ಲಿ ನಿಲ್ಲಿಸಿ, ಎಂಜಿನ್ನನ್ನು ಓಡಿಸುತ್ತ ಬಿಟ್ಟೆವು. ಕಡೂರಿನ ಬಯಲುಸೀಮೆಯ ಏಪ್ರಿಲ್ ಬಿಸಿಲು ನಮ್ಮಿಂದ ಹಣ ಕೇಳದ ಪ್ರಯೋಗಸಾಮಗ್ರಿ! ಇಪ್ಪತ್ತೈದು ನಿಮಿಷಗಳಾದ ಮೇಲೆ ಎಂಜಿನ್ನು ನಿಂತಿತು.

ಈಗ ಕೀಲಿಯನ್ನು ಆರಿಸಿ ಮತ್ತೆ ಹಾಕಿ ನೋಡಿದರೆ ಎರಡು ಕುರುಹುಗಳು ದೊರೆತುವು. ಮೊದಲನೆಯದು, ಎಂದೂ ಕೀಲಿ ಹಾಕಿದೊಡನೆ ಹೊತ್ತಬೇಕಾದ ಎಚ್ಚರಿಕೆ ದೀಪ ಹೊತ್ತಲಿಲ್ಲ. ಎರಡನೆಯದು, ಪೆಟ್ರೋಲ್ ತೊಟ್ಟಿಯ ಕಡೆಯಿಂದ ಎರಡು ಸೆಕೆಂಡು ಕೇಳಬೇಕಾದ ಪಂಪಿನ ಝೇಂಕಾರ ಕೇಳಲಿಲ್ಲ. ದೀಪಕ್ಕೂ ಪಂಪಿಗೂ ಇರುವ ಏಕೈಕ ಬಂಧುತ್ವವೆಂದರೆ ಎರಡೂ ಗಣಕದ ಆಜ್ಞೆಯಲ್ಲಿರುವುದು. ಎರಡೂ ಒಟ್ಟಿಗೆ ಮೂಕವಾದರೆ ಸಾಧ್ಯತೆಗಳು ಮೂರೇ: ಗಣಕಕ್ಕೆ ವಿದ್ಯುತ್ತು ತಲಪುತ್ತಿಲ್ಲ, ಅಥವಾ ಯಾವುದೋ ಸಂವೇದಕದಲ್ಲಿ ತಂತಿಗಳು ಕೂಡಿಕೊಂಡು 5 ವೋಲ್ಟನ್ನು ನೆಲಕ್ಕೆಳೆಯುತ್ತಿವೆ, ಅಥವಾ ಗಣಕವೇ ಕೆಟ್ಟಿದೆ. ಮೂರನೆಯದನ್ನು ನೇರವಾಗಿ ಸಾಧಿಸುವುದು ಕಷ್ಟ. ಮೊದಲೆರಡನ್ನು ಅಲ್ಲಗಳೆಯುವುದು ಸುಲಭ.

ಗಣಕಕ್ಕೆ ವಿದ್ಯುತ್ತು ಬರುತ್ತಿದೆಯೇ ಎಂದು ನೋಡಲು ವೋಲ್ಟ್‌ಮೀಟರನ್ನು ಇಟ್ಟು, 12 ತೋರಿಸಿದೊಡನೆ ತೃಪ್ತರಾಗುವವರು ಬಹುಮಂದಿ. ಇಲ್ಲೊಂದು ಮೋಸವುಂಟು, ವಿದ್ಯಾರ್ಥಿಗಳು ಇದನ್ನು ಲೆಕ್ಕಮಾಡಿಯೇ ನೋಡಬೇಕು. ಇಂದಿನ ಅಂಕೀಯ ಮೀಟರಿನ ಒಳರೋಧ ಸುಮಾರು 1 ಕೋಟಿ ಓಂ. 12 ವೋಲ್ಟಿನಲ್ಲಿ ಅದು ಎಳೆಯುವ ಪ್ರವಾಹ ಆಂಪಿಯರಿನ ಹತ್ತು ಲಕ್ಷದಲ್ಲಿ 1.2 ಭಾಗ ಮಾತ್ರ. ಈಗ ದಾರಿಯಲ್ಲಿ ತುಕ್ಕುಹಿಡಿದ ಒಂದು ಸಂಪರ್ಕವಿದ್ದು ಅದರ ರೋಧ 1,000 ಓಂ ಎಂದುಕೊಳ್ಳಿ. ಇಷ್ಟು ಸಣ್ಣ ಪ್ರವಾಹಕ್ಕೆ ಅಲ್ಲಿ ನಷ್ಟವಾಗುವುದು 0.0012 ವೋಲ್ಟು. ಮೀಟರು ಪ್ರಾಮಾಣಿಕವಾಗಿಯೇ “12” ಎನ್ನುವುದು. ಆದರೆ ಅದೇ ಸಂಪರ್ಕದ ಮೂಲಕ ಕಾಲು ಆಂಪಿಯರನ್ನಾದರೂ ಎಳೆಯಬೇಕಾದ ಗಣಕ ಉಪವಾಸ ಬೀಳುವುದು. ಬಾವಿಯಲ್ಲಿ ನೀರಿದೆಯೆಂದು ಇಣುಕಿ ನೋಡಿದರೆ ಸಾಲದು, ಸೇದಿ ನೋಡಬೇಕು.

ಸೇದುವ ಸಾಧನ ಬಹು ಅಗ್ಗವಾದುದು: ಕಾರಿನ ಹಿಂದೀಪಕ್ಕೆ ಹಾಕುವ 21 ವಾಟಿನ ಬಲ್ಬು, ಅದಕ್ಕೆ ಬೆಸೆದ ಎರಡು ತಂತಿ. ಉರಿಯುವಾಗ ಅದರ ರೋಧ 7 ಓಮಿಗೆ ಕೊಂಚ ಕಡಿಮೆ. 1,000 ಓಮಿನ ಕೆಟ್ಟ ಸಂಪರ್ಕ ದಾರಿಯಲ್ಲಿದ್ದರೆ ಅದು ಮಿಣುಕು ಸಹ ಕೊಡಲಾರದು. ಕೀಲಿಯನ್ನು ಆರಿಸಿ, ಗಣಕದಿಂದ ಬಹುತಂತಿಯ ಜೋಡಣೆಯನ್ನು ಕಳಚಿ, ಗಣಕಕ್ಕೆ ವಿದ್ಯುತ್ತು ತರುವ ತುದಿಗೂ ಅದರ ಭೂಸಂಪರ್ಕದ ತುದಿಗೂ ನಡುವೆ ಬಲ್ಬನ್ನು ಸೇರಿಸಿ, ಮತ್ತೆ ಕೀಲಿ ಹಾಕಿದೆವು. ಬಲ್ಬು ಬೆಳ್ಳಗೆ ಉರಿಯಿತು. ಎಂದರೆ ಬರುವ ದಾರಿ, ಹೋಗುವ ದಾರಿ ಎರಡೂ ನಿರ್ದೋಷಿ. ಈ ಬಲ್ಬನ್ನು ವಿದ್ಯುತ್ತು ಬರುವ ತಂತಿಗಳಲ್ಲದೆ ಬೇರೆ ಯಾವುದಕ್ಕೂ, ವಿಶೇಷವಾಗಿ ಗಣಕದ ತುದಿಗಳಿಗೆ, ತಾಗಿಸಕೂಡದು. ಸಂವೇದಕದ ಸೂಕ್ಷ್ಮ ದಾರಿಯಲ್ಲಿ ಒಂದೂಮುಕ್ಕಾಲು ಆಂಪಿಯರ್ ಹರಿದರೆ ಇಲ್ಲದ ರೋಗವನ್ನು ನಾವೇ ತಂದಿಟ್ಟಂತಾಗುವುದು.

ಇನ್ನು 5 ವೋಲ್ಟು. ಬೆಳಗ್ಗೆ ಕಾರು ತಣ್ಣಗಿದ್ದಾಗ ಗಾಳಿಬಾಗಿಲಿನ ಸಂವೇದಕದ ಬಳಿ ಅದು 5.02 ಇದ್ದಿತು. ಈಗ, ಮೂರ್ಛೆಯ ಸ್ಥಿತಿಯಲ್ಲಿ, 0.3. ಸಂವೇದಕಗಳ ಜೋಡಣೆಗಳನ್ನು ಒಂದೊಂದಾಗಿ ಕಳಚುತ್ತ ಹೋದೆವು. ಅವುಗಳಲ್ಲಿ ಯಾವುದಾದರೂ ಅಪರಾಧಿಯಾಗಿದ್ದರೆ ಅದನ್ನು ಕಳಚಿದೊಡನೆ 5 ವೋಲ್ಟು ಪುಟಿದೇಳಬೇಕಾಗಿತ್ತು. ಕೊನೆಯದನ್ನು ಕಳಚಿದಾಗಲೂ ಮೀಟರು ಅಲ್ಲಾಡಲಿಲ್ಲ. ಕೆಲವು ಗಣಕಗಳಲ್ಲಿ ಒಳಗಿನದಕ್ಕೆ ಒಂದು, ಹೊರಗಿನದಕ್ಕೆ ಒಂದು, ಹೀಗೆ ಎರಡು ನಿಯಂತ್ರಕಗಳಿರುವುದುಂಟು. ಅಂತಹವುಗಳಲ್ಲಿ ಈ ಪರೀಕ್ಷೆ ಅಷ್ಟು ನಿರ್ಣಾಯಕವಲ್ಲ. ನಮ್ಮದರಲ್ಲಿ ಒಂದೇ ಇದ್ದಿತು. ದೋಷ ಪೆಟ್ಟಿಗೆಯ ಗೋಡೆಯೊಳಗೇ ಇದೆಯೆಂಬುದು ಆಗ ಸಿದ್ಧವಾಯಿತು.

ಬ್ಯಾಟರಿಯ ಋಣಧ್ರುವವನ್ನು ಬಿಡಿಸಿ, ಪೆಟ್ಟಿಗೆಯನ್ನು ಕಾಲೇಜಿನ ಪ್ರಯೋಗಶಾಲೆಗೆ ತಂದೆ. ಮುಟ್ಟುವ ಮುನ್ನ ಮಣಿಕಟ್ಟನ್ನು ತಂತಿಯಿಂದ ಭೂಮಿಗೆ ಸೇರಿಸಿಕೊಳ್ಳುವುದು ಅವಶ್ಯ. ಒಣಹವೆಯಲ್ಲಿ ನಮ್ಮ ದೇಹ ಮೂರು ಸಾವಿರ ವೋಲ್ಟಿಗೆ ಏರಿದರೂ ನಮಗೆ ತಿಳಿಯುವುದು ಬೆರಳ ತುದಿಯ ಒಂದು ಚುರುಕು ಮಾತ್ರ. ಒಳಗಿನ ಸಿಲಿಕನ್ನಿಗೆ ಅದು ಸಿಡಿಲು.

ಮುಚ್ಚಳವನ್ನು ತೆಗೆದು, ಫಲಕಕ್ಕೆ ಹೊರಗಿನಿಂದ 12 ವೋಲ್ಟು ಕೊಟ್ಟು, 5 ವೋಲ್ಟಿನ ದಾರಿಗೆ ಮೀಟರನ್ನು ಸೇರಿಸಿ, ಕೂದಲೊಣಗಿಸುವ ಯಂತ್ರದಿಂದ ಬಿಸಿಗಾಳಿ ಊದಿದೆ. 40 ಡಿಗ್ರಿ, 50 ಡಿಗ್ರಿ. ಮೀಟರು 5ರಲ್ಲಿಯೇ ಸ್ಥಿರ. 56 ಡಿಗ್ರಿ ಸೆಂಟಿಗ್ರೇಡಿನಲ್ಲಿ ಥಟ್ಟನೆ ಕುಸಿಯಿತು. ಆರಲು ಬಿಟ್ಟಾಗ 47ರಲ್ಲಿ ಮರಳಿ ಬಂದಿತು. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೆಯೇ. ಕುಸಿದ ಸ್ಥಿತಿಯಲ್ಲಿ ಒಣಗಿದ ಬಿದಿರುಕಡ್ಡಿಯಿಂದ ಫಲಕದ ಭಾಗಗಳನ್ನು ಮೆಲ್ಲನೆ ಒತ್ತುತ್ತ ಹೋದೆ. ನಿಯಂತ್ರಕದ ಒಂದು ಕಾಲನ್ನು ಒತ್ತಿದಾಗ 5 ವೋಲ್ಟು ಬಂದಿತು, ಬಿಟ್ಟಾಗ ಹೋಯಿತು. ಭೂತಗಾಜಿನಲ್ಲಿ ನೋಡಿದರೆ ಆ ಕಾಲಿನ ಸುತ್ತ ಬೆಸುಗೆಯಲ್ಲಿ ಕೂದಲಿಗಿಂತ ತೆಳ್ಳಗಿನ ಕಪ್ಪು ಉಂಗುರ. ಇಪ್ಪತ್ತೊಂದು ವರ್ಷದ ಕಾರನ್ನು ಗುಜರಿಗೆ ಕಳುಹಿಸಲಿದ್ದ ಅಪರಾಧಿ ಅದೇ.

ಈ ಬಿರುಕು ಹೇಗೆ ಬಂದಿತು? ಪದಾರ್ಥಗಳು ಬಿಸಿಗೆ ಹಿಗ್ಗುವುದು ಸರಿಯಷ್ಟೆ. ಆದರೆ ಎಲ್ಲವೂ ಸಮನಾಗಿ ಹಿಗ್ಗುವುದಿಲ್ಲ. ಒಂದು ಡಿಗ್ರಿ ಏರಿದರೆ ಅಲ್ಯೂಮಿನಿಯಮ್ ತನ್ನ ಉದ್ದದ ಹತ್ತು ಲಕ್ಷದಲ್ಲಿ 23 ಭಾಗ ಹಿಗ್ಗುವುದು. ಗಾಜಿನ ನಾರು, ಅಂಟು ಸೇರಿದ ಫಲಕ ತನ್ನ ಅಗಲದಲ್ಲಿ ಸುಮಾರು 16 ಭಾಗ. ಈ ನಿಯಂತ್ರಕವು ಬಿಸಿಯಾಗುವ ಭಾಗವಾದುದರಿಂದ, ತಂಪಾಗಿರಲೆಂದು ಅದರ ಬೆನ್ನನ್ನು ಅಲ್ಯೂಮಿನಿಯಮ್ ಪೆಟ್ಟಿಗೆಗೆ ತಿರುಪಿನಿಂದ ಬಿಗಿದಿದ್ದರು. ಅದರ ಕಾಲುಗಳಾದರೋ ಫಲಕಕ್ಕೆ ಬೆಸೆದಿದ್ದುವು. ಹೀಗೆ ಬೆನ್ನು ಒಬ್ಬರ ಕೈಯಲ್ಲಿ, ಕಾಲು ಇನ್ನೊಬ್ಬರ ಕೈಯಲ್ಲಿ. ಫಲಕವನ್ನು ಪೆಟ್ಟಿಗೆಗೆ ಹಿಡಿದ ಜಾಗದಿಂದ ನಿಯಂತ್ರಕ 100 ಮಿಲಿಮೀಟರ್ ದೂರವಿದ್ದು, ಉಷ್ಣತೆ 50 ಡಿಗ್ರಿ ಏರಿದರೆ, ಎರಡರ ಹಿಗ್ಗಿನ ಅಂತರ ಮಿಲಿಮೀಟರಿನ 1,000ದಲ್ಲಿ 35 ಭಾಗ. ಕಾಗದದ ಹಾಳೆಯ ದಪ್ಪಕ್ಕಿಂತ ಕಡಿಮೆಯೇ. ಆದರೆ ದಿನಕ್ಕೊಂದು ಸಲದಂತೆ ಹಿಡಿದರೂ ಇಪ್ಪತ್ತು ವರ್ಷಗಳಲ್ಲಿ ಇದು 7,300 ಸಲ ಎಳೆದು ಬಿಟ್ಟಿದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಮುರಿಯುವ ಹುಡುಗರು ನಿಮಿಷದಲ್ಲಿ ಮಾಡುವುದನ್ನೇ ಬಿಸಿಲು ಎರಡು ದಶಕಗಳಲ್ಲಿ ಮಾಡಿತು. ತಣ್ಣಗಿರುವಾಗ ಬಿರುಕಿನ ಎರಡು ತುಟಿಗಳು ಕೂಡಿರುವುವು, ಬಿಸಿಯಾದಾಗ ಬೇರ್ಪಡುವುವು. ದುರಸ್ತಿಯವರ ನೆರಳಿನ ಅಂಗಳದಲ್ಲಿ ಕಾರು ಏಕೆ ಸಾಧುವಾಗಿದ್ದಿತೆಂಬುದು ಈಗ ವಿದಿತವಾಗುವುದು.

ದುರಸ್ತಿಯ ವಿಷಯದಲ್ಲಿ ಹೇಳುವುದು ಸ್ವಲ್ಪ. ಹಳೆಯ ಬೆಸುಗೆಯ ಮೇಲೆ ಹೊಸದನ್ನು ಮೆತ್ತಿದರೆ ಬಾಳುವುದಿಲ್ಲ. ಬಿರುಕಿನೊಳಗಿನ ಆಕ್ಸೈಡು ಹಾಗೆಯೇ ಉಳಿಯುವುದು. ತಾಮ್ರದ ಹೆಣಿಗೆಯಿಂದ ಹಳೆಯದನ್ನು ಹೀರಿ ತೆಗೆದು, ಕಾಲನ್ನು ಒರಸಿ, ರಾಳದ ದ್ರವವನ್ನು ಹಚ್ಚಿ, 63 ಭಾಗ ತವರ, 37 ಭಾಗ ಸೀಸದ ಬೆಸುಗೆಯನ್ನು ಹರಿಸಿದೆ. ಈ ಮಿಶ್ರಣ 183 ಡಿಗ್ರಿಯಲ್ಲಿ ಒಮ್ಮೆಲೇ ಕರಗಿ ಒಮ್ಮೆಲೇ ಗಟ್ಟಿಯಾಗುವುದರಿಂದ ಕೈ ಅಲುಗುವ ಭಯ ಕಡಿಮೆ. ಸೀಸ ವಿಷವಾದುದರಿಂದ ಕೆಲಸವಾದ ಮೇಲೆ ಕೈ ತೊಳೆಯುವುದನ್ನು ಮರೆಯಬಾರದು. ನಿಯಂತ್ರಕದ ಇತರ ಕಾಲುಗಳಲ್ಲಿ ಬಿರುಕು ಕಾಣದಿದ್ದರೂ ಅವನ್ನೂ ಹೀಗೆಯೇ ಮಾಡಿದೆ. ಪಕ್ಕದಲ್ಲಿದ್ದ ಎರಡು ದ್ರವಧಾರಕಗಳನ್ನು, ಎಂದರೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳನ್ನು, ಸಹ ಬದಲಾಯಿಸಿದೆ. ಅವು ಕೆಟ್ಟಿರಲಿಲ್ಲ, ಆದರೆ ಅವುಗಳ ಆಯುಸ್ಸು 10 ಡಿಗ್ರಿ ಏರಿದಂತೆಲ್ಲ ಸುಮಾರು ಅರ್ಧಕ್ಕಿಳಿಯುವುದು. ಒಳಗಿನ ದ್ರವ ಸೋರಿದರೆ ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದುಹಾಕುವುದು. ಹಳೆಯ ಗಣಕವನ್ನು ತೆರೆದಾಗ ಮೀನಿನಂತಹ ವಾಸನೆ ಬಂದರೆ ಮೊದಲು ಅತ್ತ ನೋಡಬೇಕು. 105 ಡಿಗ್ರಿಗೆ ತಕ್ಕವೆಂದು ಗುರುತಿರುವ, ಅಷ್ಟೇ ಧಾರಣೆಯ ಧಾರಕಗಳನ್ನು ಹಾಕಿದೆ. ಬೆಲೆ ಒಂದು ಕಾಫಿಯಷ್ಟು.

ಎಲ್ಲ ಗಣಕಗಳೂ ಇಷ್ಟು ಸುಲಭವಾಗಿ ಮಣಿಯುವುವೆಂದು ಯಾರೂ ಭಾವಿಸಬಾರದು. ಕಿಡಿಸುರುಳಿಯೊಳಗೆ ತಂತಿಗಳು ಕೂಡಿಕೊಂಡು, ಅದನ್ನು ಆಳುವ ಟ್ರಾನ್ಸಿಸ್ಟರು ಸುಟ್ಟುಹೋಗುವುದುಂಟು. ಆಗ ಸುರುಳಿಯನ್ನು ಹಾಗೆಯೇ ಬಿಟ್ಟು ಟ್ರಾನ್ಸಿಸ್ಟರನ್ನು ಬದಲಾಯಿಸಿದರೆ, ಹೊಸದೂ ಕೀಲಿ ಹಾಕಿದ ಕ್ಷಣದಲ್ಲೇ ಹಳೆಯದನ್ನು ಹಿಂಬಾಲಿಸುವುದು. ಕಳ್ಳರ ಕಾಟ ತಪ್ಪಿಸಲು ಕೀಲಿಯ ಗುರುತನ್ನು ಗಣಕದ ನೆನಪಿನಲ್ಲಿ ಬರೆದಿರುವ ಕಾರುಗಳಲ್ಲಿ, ಗುಜರಿಯಿಂದ ತಂದ ಇನ್ನೊಂದು ಪೆಟ್ಟಿಗೆ ಹೊಂದಿದರೂ ಎಂಜಿನ್ನು ಹೊರಡದು. ಎಲ್ಲಕ್ಕಿಂತ ಚಿಂತೆಯ ಸಂಗತಿ ಇನ್ನೊಂದು. ಗಣಕದ ಕಾರ್ಯಕ್ರಮವು ಸಿಲಿಕನ್ನಿನೊಳಗೆ ಸೆರೆಹಿಡಿದ ವಿದ್ಯುದಂಶದ ರೂಪದಲ್ಲಿರುವುದು. ಆ ವಿದ್ಯುದಂಶ ಬಹು ನಿಧಾನವಾಗಿ ಸೋರುತ್ತಿರುವುದು. ಇಂತಹ ಸ್ಮೃತಿಗಳಿಗೆ ತಯಾರಕರು ಸಾಮಾನ್ಯವಾಗಿ ಭರವಸೆ ಕೊಡುತ್ತಿದ್ದುದು ಹತ್ತು ಇಪ್ಪತ್ತು ವರ್ಷಗಳಿಗೆ. ವಾಸ್ತವವಾಗಿ ಅವು ಹೆಚ್ಚು ಕಾಲ ಬಾಳಬಹುದು, ಬಾಳುತ್ತಲೂ ಇವೆ. ಆದರೆ ಅದು ಸೋರಿಹೋದ ದಿನ ಬೆಸುಗೆಯಿಂದ ಏನೂ ಆಗದು. ಮೊದಲೇ ಪ್ರತಿ ಮಾಡಿಟ್ಟವರಿಗೆ ಮಾತ್ರ ದಾರಿಯುಂಟು.

ದುರಸ್ತಿಯಾದ ಫಲಕವನ್ನು 70 ಡಿಗ್ರಿಯವರೆಗೆ ಮೂರು ಸಲ ಕಾಯಿಸಿ ಆರಿಸಿದೆ. ಮೀಟರು 5.01ರಿಂದ ಅಲುಗಲಿಲ್ಲ. ತೇವ ತಡೆಯುವ ಮೆರುಗನ್ನು ಬಳಿದು, ಮುಚ್ಚಳದ ಅಂಚಿಗೆ ಹೊಸ ಅಂಟನ್ನು ಹಾಕಿ ಮುಚ್ಚಿ, ಹಿರೇನಲ್ಲೂರಿಗೆ ಒಯ್ದು ಅಳವಡಿಸಿದೆವು. ಉಪಾಧ್ಯಾಯರು ಅಂದೇ ನಡುಹಗಲಿನಲ್ಲಿ, ಬೇಕೆಂದೇ ಗಾಜುಗಳನ್ನೇರಿಸಿ, ಕಡೂರಿಗೆ ಹೋಗಿ ಬೆವರಿಳಿಸುತ್ತ ಹಿಂದಿರುಗಿದರು. 2025ರ ಬೇಸಗೆಯೂ ನಿರ್ವಿಘ್ನವಾಗಿ ಕಳೆಯಿತು. ಎರಡು ತಂತಿ ಬೆಸೆದ ಆ 21 ವಾಟಿನ ಬಲ್ಬನ್ನು ಅವರು ನನಗೆ ಹಿಂದಿರುಗಿಸಲಿಲ್ಲ. ಒಂದು ಹಳೆಯ ಕನ್ನಡಕದ ಡಬ್ಬಿಯಲ್ಲಿ ಹತ್ತಿಯ ನಡುವೆ ಇಟ್ಟು, ಕಾರಿನ ಮುಂಗಪಾಟಿನಲ್ಲಿ ಭದ್ರಪಡಿಸಿಕೊಂಡಿದ್ದಾರೆ.